ಹೆಸರು ಹಿಡಿದು ಕರೆಯುವ ಊರಿನಿಂದ

ಸ್ವೀಡನ್ನಿನ ಉಪ್ಸಾಲಾಕ್ಕೆ ಬಂದ ಹೊಸದರಲ್ಲಿ ಫೋನಿನಲ್ಲಿ ಪ್ರೊಫೆಸರ ಸುದ್ದಿ ಹೇಳುವಾಗ ಬರೀ ಹೆಸರು ಹೇಳಿಬಿಟ್ಟೆ. ಅಮ್ಮ ಅಲ್ಲೇ ತಡೆದಳು. "ಮೇಷ್ಟ್ರನ್ನ ಹೆಸರು ಹಿಡಿದು ಕರೀತೀಯೇನೋ?" ಇಲ್ಲಿ ಎಲ್ಲರೂ ಹಾಗೇ ಅಮ್ಮ, ಅಂದೆ. ಅವಳಿಗೆ ಸಮಾಧಾನ ಆಗಲಿಲ್ಲ. ನನಗೂ ವರ್ಷವಿಡೀ ಆ ಹೆಸರಿನ ಜೊತೆಗೆ ಒಂದು 'ಸರ್' ನಾಲಿಗೆ ತುದಿಗೆ ಬಂದು ನಿಲ್ಲುತ್ತಿತ್ತು.

ಸ್ವೀಡನ್ನಿನ ಈ ಸಲಿಗೆ ತೀರಾ ಹಳೆಯದಲ್ಲ. 1960ರ ದಶಕದ ಕೊನೆಗೆ ಬೇರೂರಿದ್ದು. ಅದಕ್ಕೂ ಮುಂಚೆ ಇಲ್ಲೂ ಪದವಿ ಹೇಳಿಯೇ ಮಾತಾಡಿಸಬೇಕಿತ್ತು, ನಮ್ಮ "ಡಾಕ್ಟ್ರು ಊಟ ಮಾಡಿದ್ರಾ?" ಥರ.

ಅಂಥ ಕಾಲದಲ್ಲಿ ಇದೇ ಊರಲ್ಲಿ ಓದಿದವನು ಪೆಟರ್ ಫೋರ್ಸ್‌ಕೋಲ್. 1732ರಲ್ಲಿ, ಆಗ ಸ್ವೀಡನ್ನಿಗೇ ಸೇರಿದ್ದ ಹೆಲ್ಸಿಂಕಿಯಲ್ಲಿ ಹುಟ್ಟಿದ. ಗಿಡಮರಗಳ ದೊಡ್ಡ ಪಂಡಿತ ಲಿನೇಯಸ್‌ನ ಶಿಷ್ಯ. 1759ರಲ್ಲಿ ನಾಗರಿಕ ಸ್ವಾತಂತ್ರ್ಯದ ಬಗ್ಗೆ ಪುಟ್ಟ ಪುಸ್ತಕ ಬರೆದು 500 ಪ್ರತಿ ಅಚ್ಚು ಹಾಕಿಸಿದ. ಸರ್ಕಾರಕ್ಕೆ ಸಿಟ್ಟು ಬಂತು. ಹಂಚಿಹೋದ ಪ್ರತಿಗಳನ್ನು ವಾಪಸ್ ತರುವ ಕೆಲಸ ಯಾರ ತಲೆಗೆ ಬಿತ್ತು ಗೊತ್ತಾ? ವಿಶ್ವವಿದ್ಯಾಲಯದ ರೆಕ್ಟರ್, ಅಂದರೆ ಮುಖ್ಯಸ್ಥ, ಆಗಿದ್ದ ಗುರು ಲಿನೇಯಸ್‌ಗೇ! ಸಿಕ್ಕಿದ್ದು 79. ಮೇಷ್ಟ್ರು ಮನಸ್ಸಿಟ್ಟು ಹುಡುಕಲೇ ಇಲ್ಲ ಅಂತ ನನ್ನ ಗುಮಾನಿ.

ಊರಲ್ಲಿ ನಾವು ಎದುರಿಗೆ "ಯೆಸ್ ಸರ್" ಅಂದು, ಕ್ಯಾಂಟೀನಿಗೆ ಬಂದ ಮೇಲೆ ಬಾಯಿ ಬಿಡುತ್ತಿದ್ದೆವು. ಇಲ್ಲಿ ಮೀಟಿಂಗಿನಲ್ಲಿ ಎಲ್ಲರೂ ಎಲ್ಲರ ಹೆಸರು ಕರೆಯುತ್ತಾರೆ, ಕಾಫಿ ಕುಡಿಯುತ್ತಾರೆ, ತಲೆ ಆಡಿಸುತ್ತಾರೆ. 'ಇದು ತಪ್ಪು' ಅನ್ನುವವರನ್ನು ನಾನು ಕಂಡದ್ದು ಎರಡೂ ಕಡೆ ಕಡಿಮೆಯೇ. ಸಲಿಗೆ ಬೇರೆ, ಎದೆಗಾರಿಕೆ ಬೇರೆ ಅಲ್ವಾ?

ಡೆನ್ಮಾರ್ಕಿನ ರಾಜ ಅರಬ್ ನಾಡಿಗೆ ತಂಡ ಕಳಿಸಲು ಕರೆದಾಗಲೂ ಫೋರ್ಸ್‌ಕೋಲ್ ಸುಮ್ನೆ ಒಪ್ಪಲಿಲ್ಲ. ಪ್ರೊಫೆಸರ್ ಪದವಿ ಕೊಟ್ಟರೆ ಮಾತ್ರ ಬರ್ತೀನಿ ಅಂದ, ಪಡೆದೇ 1761ರಲ್ಲಿ ಹಡಗು ಹತ್ತಿದ. ಆದರೆ ಈಜಿಪ್ಟ್, ಯೆಮನ್ ತಲುಪಿದ ಮೇಲೆ ನೋಡಿ: ಅರಬ್ಬಿ ಕಲಿತ, ಅಲ್ಲಿಯವರ ಬಟ್ಟೆ ತೊಟ್ಟ, ಗಿಡ, ಮೀನುಗಳ ಹೆಸರನ್ನು ಅಲ್ಲಿಯವರ ಬಾಯಿಂದಲೇ ಕೇಳಿ ಬರೆದುಕೊಂಡ. ಕೆಂಪು ಸಮುದ್ರದ ಮೀನುಗಳಿಗೆ ಇವತ್ತಿಗೂ ವಿಜ್ಞಾನದಲ್ಲಿ ಬೊಹರ್, ಹರಕ್, ಸೊಹಲ್ ಅಂತ ಅರಬ್ಬಿ ಹೆಸರುಗಳಿವೆ. ಮೀನಿನ ಚರ್ಮ ಸುಲಿದು, ಎಲೆ ಒಣಗಿಸುವ ಹಾಗೆ ಒತ್ತಿ ಕಾಗದಕ್ಕೆ ಅಂಟಿಸಿದ. ಕೋಪನ್‌ಹೇಗನ್ನಿನಲ್ಲಿ ಅವು ಈಗಲೂ ಇವೆ. ಯೆಮನ್ನಿನ ಕಾಫಿ ಬೆಟ್ಟಗಳನ್ನೂ ಹತ್ತಿದ. ನಮ್ಮ ಬಾಬಾ ಬುಡನ್ ಬೀಜ ತಂದರು ಅನ್ನುವ ಸೀಮೆಯೇ ಅದು.

1763ರ ಜುಲೈನಲ್ಲಿ ಯೆಮನ್ನಿನ ಯರೀಮ್ ಎಂಬ ಊರಲ್ಲಿ ಮಲೇರಿಯಾ ಅವನನ್ನು ತೆಗೆದುಕೊಂಡಿತು. ವಯಸ್ಸು 31. ಹೊರಟ ಆರು ಜನರಲ್ಲಿ ತಿರುಗಿ ಬಂದವನು ನೀಬೂರ್ ಒಬ್ಬನೇ. ಗೆಳೆಯನ ಬರಹಗಳನ್ನು 1775ರಲ್ಲಿ ಅಚ್ಚು ಮಾಡಿಸಿದವನೂ ಅವನೇ.

ಫೋರ್ಸ್‌ಕೋಲ್ ಸತ್ತ ಮಾರನೆಯ ವರ್ಷ, 1764ರಲ್ಲಿ, ಲಿನೇಯಸ್ ಒಂದು ಗಿಡಕ್ಕೆ ಶಿಷ್ಯನ ಹೆಸರಿಟ್ಟ: ಫೋರ್ಸ್‌ಕೋಲಿಯಾ ಟೆನಸಿಸ್ಸಿಮಾ. ತುರಿಕೆ ಸೊಪ್ಪಿನ ಕುಟುಂಬದ್ದು. ಮೈತುಂಬ ಕೊಕ್ಕೆಯಂಥ ರೋಮ. ಟೆನಸಿಸ್ಸಿಮಾ ಅಂದರೆ ಹಿಡಿದರೆ ಬಿಡದ್ದು.

ಮೊನ್ನೆ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. "ಓ, ಉತ್ತರಾಣಿ ಥರ. ಸೀರೆಗೆ ಹತ್ತಿದರೆ ಬಿಡೋದೇ ಇಲ್ಲ" ಅಂದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: "ಅಲ್ವೋ, ಆ ಮೇಷ್ಟ್ರು ಅವನನ್ನ ಬೈದಿದ್ದೋ, ಹೊಗಳಿದ್ದೋ?"