ಆಲ್ಟ್ ಒತ್ತೋಕೆ ಏನಪ್ಪಾ ಕಷ್ಟ?

ನಿನ್ನೆ ರಾತ್ರಿ ಗೆಳೆಯನೊಬ್ಬ ಸ್ಕ್ರೀನ್ ಶೇರ್ ಮಾಡಿ, ತನ್ನ ಗೇಮ್‌ಗೆ ಒಂದು ಅಣಬೆ ಬಿಡಿಸಿ ತೋರಿಸಿದ. ಪಿಕ್ಸೆಲ್ ಆರ್ಟ್, ಅಂದ್ರೆ ಒಂದೊಂದೇ ಚೌಕಕ್ಕೆ ಬಣ್ಣ ತುಂಬಿ ಬಿಡಿಸೋ ಚಿತ್ರ. 16×16 ಸೈಜು. ಅಂದ್ರೆ ಒಟ್ಟು 256 ಚೌಕ, ಅಷ್ಟೇ. ಮುಕ್ಕಾಲು ಗಂಟೆ ಹಿಡಿಯಿತು. ಅಣಬೆ ಚೆನ್ನಾಗೇ ಬಂತು, ಅದರ ಬಗ್ಗೆ ತಕರಾರಿಲ್ಲ. ನನಗೆ ಮೈಯೆಲ್ಲಾ ಉರಿದದ್ದು ಅವನ ಮೌಸ್ ನೋಡಿ.

ಒಂದು ಚುಕ್ಕಿ ಇಡುತ್ತಾನೆ. ಬಣ್ಣಕ್ಕೆ ಎಡಗಡೆ ಪ್ಯಾಲೆಟ್‌ಗೆ ಓಟ. ಅಲ್ಲಿ ಅಕ್ಕತಂಗಿಯರ ಹಾಗಿರುವ ಎರಡು ಕೆಂಪು, ಯಾವುದು ಅಂತ ಹುಡುಕಾಟ. ವಾಪಸ್ ಬಂದು ಇನ್ನೊಂದು ಚುಕ್ಕಿ. ತಪ್ಪಾಯಿತು. ಈಗ ರಬ್ಬರಿಗೆ ಬಲಗಡೆ ಓಟ. ಇಷ್ಟೆಲ್ಲಾ ನಡೆಯುವಾಗ ಅವನ ಎಡಗೈ ಎಲ್ಲಿತ್ತು ಗೊತ್ತಾ? ಗಲ್ಲದ ಕೆಳಗೆ!

ಅವನು ಹುಡುಕುತ್ತಿದ್ದ ಕೆಂಪು ಅಣಬೆಯ ಮೇಲೇ ಇತ್ತು. ಅವನು ಬಳಸೋ ಏಸ್‌ಪ್ರೈಟ್ ಅನ್ನೋ ಪಿಕ್ಸೆಲ್ ಆರ್ಟ್ ಸಾಫ್ಟ್‌ವೇರ್‌ನಲ್ಲಿ ಪೆನ್ಸಿಲ್ ಹಿಡಿದಿರುವಾಗಲೇ ಕೀಬೋರ್ಡಿನ ಆಲ್ಟ್ ಕೀ ಒತ್ತಿಕೊಂಡು ಆ ಕೆಂಪಿನ ಮೇಲೆ ಕ್ಲಿಕ್ ಮಾಡಿದರೆ ಬಣ್ಣ ಕೈಗೆ ಬಂತು. ಆಲ್ಟ್ ಬಿಟ್ಟರೆ ಮತ್ತೆ ಪೆನ್ಸಿಲ್. ಆರು ಸಲ ಹೇಳಿದೆ. ಆರು ಸಲವೂ "ಹೂಂ, ಹೂಂ" ಅಂದ, ಪ್ಯಾಲೆಟ್‌ಗೇ ಹೋದ.

ಹೀಗೆ ಕೀ ಒತ್ತಿ ಕೆಲಸ ಮುಗಿಸೋದು ಹೊಸ ವಿದ್ಯೆಯಾ? 1985ರಲ್ಲಿ ಅಮಿಗಾ ಕಂಪ್ಯೂಟರ್‌ಗೆ ಬಂದ ಡಿಲಕ್ಸ್ ಪೇಂಟ್ ಅನ್ನೋ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲೇ, ಬ್ರಷ್ ಆಗಿ ಹಿಡಿದ ಚಿತ್ರ ಎಕ್ಸ್ ಒತ್ತಿದರೆ ಅಡ್ಡಕ್ಕೆ ಮಗುಚುತ್ತಿತ್ತು, ವೈ ಒತ್ತಿದರೆ ತಲೆಕೆಳಗೆ. ನಮ್ಮವನಿಗೆ ಮಾತ್ರ ಎಡಗೈ ಗಲ್ಲಕ್ಕೇ ಬೇಕು.

"ಕಲೆ ಕಣ್ಣಲ್ಲಿರೋದು, ಬೆರಳಲ್ಲಲ್ಲ" ಅಂತ ಅವನ ವಾದ. ಸರಿ ಸ್ವಾಮಿ. ಹಾಗಾದರೆ ಆ ಕಣ್ಣು ಅಣಬೆಯ ಮೇಲೆ ಇರಲಿ, ಪ್ಯಾಲೆಟ್‌ನಲ್ಲಿ ಯಾಕೆ ಅಲೀತಿದೆ? ಇನ್ನೊಂದು ನೆಪ: ಒಂದೊಂದು ಸಾಫ್ಟ್‌ವೇರ್‌ಗೆ ಒಂದೊಂದು ಕೀ. ಅದು ನಿಜ. ಏಸ್‌ಪ್ರೈಟ್‌ನಲ್ಲಿ ಬಿ ಅಂದ್ರೆ ಪೆನ್ಸಿಲ್, ಪಿಸ್ಕೆಲ್ ಅನ್ನೋ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಬಿ ಅಂದ್ರೆ ಇಡೀ ಜಾಗಕ್ಕೆ ಬಣ್ಣ ಸುರಿಯೋ ಬಕೆಟ್. ಪೆನ್ಸಿಲ್ ಅಂದುಕೊಂಡು ಒತ್ತಿದರೆ ಇಡೀ ಆಕಾಶ ಕೆಂಪಾಗುತ್ತದೆ. ಆಗಲಿ ಬಿಡಿ! ಕಂಟ್ರೋಲ್ ಝಡ್ ಇರೋದು ಯಾಕೆ?

ಹಾಂ, ನಾನೇನು ಹುಟ್ಟುತ್ತಲೇ ಕಲಿತವನಲ್ಲ. ಎಲ್ಲಾ ಶಾರ್ಟ್‌ಕಟ್‌ಗಳ ಒಂದು ದೊಡ್ಡ ಪಟ್ಟಿ ಇಳಿಸಿಕೊಂಡು ವಾಲ್‌ಪೇಪರ್ ಮಾಡಿಕೊಂಡಿದ್ದೆ. ಸಾಫ್ಟ್‌ವೇರ್ ತೆರೆದರೆ ವಾಲ್‌ಪೇಪರ್ ಮುಚ್ಚಿಹೋಗುತ್ತದೆ ಅಂತ ಹೊಳೆಯೋಕೇ ಎಷ್ಟೋ ದಿನ ಬೇಕಾಯಿತು. ಒಮ್ಮೆ ಏಸ್‌ಪ್ರೈಟ್‌ನಲ್ಲಿ ಕೈ ತಪ್ಪಿ ಟ್ಯಾಬ್ ಒತ್ತಿದಾಗ, ಅನಿಮೇಷನ್‌ನ ಫ್ರೇಮ್‌ಗಳನ್ನು ಸಾಲಾಗಿ ತೋರಿಸೋ ಟೈಮ್‌ಲೈನೇ ಮಾಯ. ಅನಿಮೇಷನ್ ಎಲ್ಲಾ ಅಳಿಸಿಹೋಯಿತು ಅಂತ ಎದೆ ಧಸಕ್ ಅಂತು. ಮತ್ತೆ ಟ್ಯಾಬ್ ಒತ್ತಿದರೆ ಬರುತ್ತದೆ ಅಂತ ತಿಳಿಯುವಷ್ಟರಲ್ಲಿ ಕಣ್ಣಲ್ಲಿ ನೀರು. (ನಗಬೇಡಿ.)

ಕೊನೆಗೆ ಪಟ್ಟಿ ಕಿತ್ತು ಹಾಕಿ ಆಲ್ಟ್ ಒಂದನ್ನೇ ಹಿಡಿದೆ. ಮೌಸ್ ಪ್ಯಾಲೆಟ್ ಕಡೆ ಹೋದಾಗಲೆಲ್ಲಾ ಆ ಚುಕ್ಕಿ ಅಳಿಸಿ, ಆಲ್ಟ್ ಒತ್ತಿ ಮತ್ತೆ ಇಡಬೇಕು. ನನಗೆ ನಾನೇ ಹಾಕಿಕೊಂಡ ಶಿಕ್ಷೆ. ಒಂದು ವಾರದಲ್ಲಿ ಹೆಬ್ಬೆರಳು ತಾನಾಗೇ ಅಲ್ಲಿಗೆ ಹೋಗತೊಡಗಿತು. ಬೇರೆ ಕೀಗಳು ಆಮೇಲೆ ಒಂದೊಂದಾಗಿ ಬಂದವು. ಟೂಲ್ ಮೇಲೆ ಮೌಸ್ ಸುಮ್ನೆ ನಿಲ್ಲಿಸಿದರೆ ಅದರ ಕೀ ಯಾವುದು ಅಂತ ಅಲ್ಲೇ ಬರೆದಿರುತ್ತದೆ, ಅಷ್ಟು ಸಾಕು.

ಇವತ್ತು ರಾತ್ರಿ ಅಣಬೆ ನಡೆಯೋದನ್ನ ಬಿಡಿಸುತ್ತಾನಂತೆ, 8 ಫ್ರೇಮ್. ನಾನು ನೋಡಲೇಬೇಕಂತೆ. ಸ್ಕ್ರೀನ್ ಮೇಲೆ ಪ್ಯಾಲೆಟ್ ಇರೋ ಜಾಗಕ್ಕೆ ಒಂದು ಕಾಗದ ಅಂಟಿಸಿಕೊಂಡು ಆಮೇಲೆ ಕಾಲ್ ಮಾಡು ಅಂದಿದ್ದೇನೆ.