ವಿಂಡೋಸ್ ಹಗುರ ಮಾಡೋದು: ಯಾವ ಟೂಲ್, ಎಷ್ಟರ ಮಟ್ಟಿಗೆ?

"ಲೈಟ್ ವಿಂಡೋಸ್ ಐಎಸ್‌ಒ ಇದ್ರೆ ಲಿಂಕ್ ಕೊಡಿ" ಅಂತ ಕೇಳೋರು ಜಾಸ್ತಿಯಾಗಿದ್ದಾರೆ. ಅಂದ್ರೆ ಬೇಡದ ಆ್ಯಪ್, ಭಾಗಗಳನ್ನ ತೆಗೆದು ಹಗುರ ಮಾಡಿದ ವಿಂಡೋಸ್‌ನ ಇನ್‌ಸ್ಟಾಲ್ ಫೈಲ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿದ ಮೇಲಂತೂ ಕೇಳಲೇಬೇಡಿ. ಗುರುತಿಲ್ಲದವರು ಬಿಚ್ಚಿ ಹೊಲಿದ ಇಂಥ ಇಮೇಜ್ (ಇನ್‌ಸ್ಟಾಲ್ ಪ್ರತಿ) ಬೇಡವೇ ಬೇಡ. ಅದರಿಂದ ಏನು ತೆಗೆದಿದ್ದಾರೆ ಅಂತ ಹೇಳಿರ್ತಾರೆ, ಏನು ತುರುಕಿದ್ದಾರೆ ಅಂತ ಹೇಳಿರಲ್ಲ.

ಈಗಾಗಲೇ ಓಡ್ತಿರೋ ಸಿಸ್ಟಮ್ ಆದ್ರೆ ವಿನ್11ಡಿಬ್ಲೋಟ್ ಮತ್ತು ಓ&ಓ ಶಟ್‌ಅಪ್10++ ಸಾಕು. ಮೊದಲು ರಿಸ್ಟೋರ್ ಪಾಯಿಂಟ್ (ಏನಾದ್ರೂ ಕೆಟ್ರೆ ಹಿಂದಿನ ಸ್ಥಿತಿಗೆ ಮರಳೋ ಗುರುತು) ಮಾಡ್ಕೊಳ್ಳಿ. ಮೊದಲನೇದು ತೆಗೆಯೋ ಬಹುತೇಕ ಆ್ಯಪ್‌ಗಳನ್ನ ಸ್ಟೋರ್‌ನಿಂದ ವಾಪಸ್ ಹಾಕ್ಕೋಬಹುದು. ಎರಡನೇದು ಸೆಟ್ಟಿಂಗ್ ಮಾತ್ರ ಬದಲಿಸುತ್ತೆ, ಹಿಂದಕ್ಕೂ ತಿರುಗಿಸುತ್ತೆ. ದೊಡ್ಡ ಅಪ್‌ಡೇಟ್ ಬಂದ ಮೇಲೆ ಇನ್ನೊಮ್ಮೆ ತೆರೆದು ನೋಡಿ. ಆ್ಯಪ್ ತೆಗೆದ್ರೂ ಹೊಸ ಯೂಸರ್ ಅಕೌಂಟಿನಲ್ಲಿ ಮತ್ತೆ ಪ್ರತ್ಯಕ್ಷ ಆಗ್ತಿದ್ಯಾ? ನೀವು ತೆಗೆದದ್ದು ನಿಮ್ಮ ಅಕೌಂಟಿನದು ಮಾತ್ರ. ಹೊಸ ಅಕೌಂಟುಗಳಿಗೆ ಹಾಕೋಕೆ ಅಂತ ಇಟ್ಟಿರೋ 'ಪ್ರಾವಿಷನ್ಡ್' ನಕಲು ವಿಂಡೋಸ್ ಇಮೇಜ್‌ನಲ್ಲೇ ಕೂತಿದೆ, ಅದನ್ನ ವಿಂಡೋಸ್‌ನದ್ದೇ ಕಮಾಂಡ್ ಟೂಲ್ ಆದ ಡಿಸ್ಮ್‌ನಿಂದ (DISM) ಬೇರೆಯಾಗಿ ತೆಗೀಬೇಕು.

ಹೊಸದಾಗಿ ಹಾಕೋರಿಗೆ ಐಎಸ್‌ಒವನ್ನೇ ಹಗುರ ಮಾಡೋ ಟೂಲ್‌ಗಳಾದ ಎನ್‌ಟಿಲೈಟ್ ಅಥವಾ ಟೈನಿ11 ಬಿಲ್ಡರ್. ಮೈಕ್ರೋಸಾಫ್ಟ್ ಸೈಟಿನ ಐಎಸ್‌ಒ ತಗೊಂಡು ನೀವೇ ಕಟ್ಟಿ. ಎನ್‌ಟಿಲೈಟ್‌ನಲ್ಲಿ ಹೋಮ್ ಅಥವಾ ಪ್ರೊ, ಬೇಕಾದ ಒಂದನ್ನ ಉಳಿಸಿ ಮಿಕ್ಕಿದ್ದು ಅಳಿಸಿ. ಐಎಸ್‌ಒ ಒಳಗಿನ ಇನ್‌ಸ್ಟಾಲ್ ಫೈಲ್ ಹೆಚ್ಚು ಕುಗ್ಗಿಸಿದ ಇಎಸ್‌ಡಿ (ESD) ರೂಪದಲ್ಲಿದ್ರೆ ಮೊದಲು ತಿದ್ದೋಕೆ ಬರೋ ವಿಮ್‌ಗೆ (WIM) ಬದಲಿಸಿ. ಟೈನಿ11ರಲ್ಲಿ 'ಕೋರ್' ಅನ್ನೋ ಇನ್ನೊಂದು ಸ್ಕ್ರಿಪ್ಟ್ ಇದೆ, ದಿನಬಳಕೆಗೆ ಅದನ್ನ ಮುಟ್ಟಬೇಡಿ. ವಿಂಡೋಸ್ ತನ್ನ ಭಾಗಗಳ ಫೈಲ್ ಇಟ್ಕೊಳ್ಳೋ ಕಾಂಪೊನೆಂಟ್ ಸ್ಟೋರನ್ನೇ ಅದು ಕತ್ತರಿಸೋದರಿಂದ ಆಮೇಲೆ ಅಪ್‌ಡೇಟ್ ಬರಲ್ಲ, ಕನ್ನಡ ಭಾಷಾ ಪ್ಯಾಕ್ ಸೇರಿಸೋಕೂ ಆಗಲ್ಲ.

ಎನ್‌ಟಿಲೈಟ್ ಪಟ್ಟಿಯಲ್ಲಿ ಭಾಷೆ, ಕೀಬೋರ್ಡ್, ಫಾಂಟ್ ವಿಭಾಗಕ್ಕೆ ಕಣ್ಮುಚ್ಚಿ ಟಿಕ್ ತೆಗೆಯೋರೇ ಹೆಚ್ಚು. ಕನ್ನಡ ತೋರಿಸೋ ಫಾಂಟ್ ನಿರ್ಮಲಾ ಯುಐ ಹೋದ್ರೆ ಕನ್ನಡವೆಲ್ಲ ಚೌಕ ಚೌಕ. ಪ್ರಿಂಟ್ ಸ್ಪೂಲರ್ ಹೋದ್ರೆ ಪ್ರಿಂಟರ್ ಸತ್ತಂತೆ. ಆ್ಯಪ್ ಒಳಗೆ ವೆಬ್ ಪುಟ ತೋರಿಸೋ ವೆಬ್‌ವ್ಯೂ2 ತೆಗೆದ್ರೆ ಹೊಸ ಔಟ್‌ಲುಕ್, ಟೀಮ್ಸ್ ಏಳಲ್ಲ.

ಇಷ್ಟೆಲ್ಲ ಮಾಡಿದ್ರೆ ಉಳಿಯೋದು ಮುಖ್ಯವಾಗಿ ಡಿಸ್ಕ್ ಜಾಗ. ರ್‍ಯಾಮ್ ತಿನ್ನೋದು ಓಡ್ತಾ ಇರೋ ಪ್ರೋಗ್ರಾಮ್‌ಗಳು. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟ್‌ಅಪ್ ಪಟ್ಟಿಯಿಂದ ಶುರು ಮಾಡಿ. ಹಳೇ ಹಾರ್ಡ್ ಡಿಸ್ಕ್ ಇರೋ ಲ್ಯಾಪ್‌ಟಾಪಿಗೆ ಒಂದು ಎಸ್‌ಎಸ್‌ಡಿ ಹಾಕಿಸಿದ್ರೆ ಸಿಗೋ ವೇಗ ಯಾವ ಟೂಲೂ ಕೊಡಲ್ಲ.

ಕಟ್ಟಿದ ಐಎಸ್‌ಒ ಮೊದಲು ವರ್ಚುವಲ್‌ಬಾಕ್ಸ್‌ನಲ್ಲಿ (ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ಓಡಿಸೋ ಪ್ರೋಗ್ರಾಮ್) ಹಾಕಿ. ಕನ್ನಡ ಟೈಪ್ ಮಾಡಿ, ಸ್ಟೋರ್ ತೆರೀರಿ, ತಿಂಗಳ ಅಪ್‌ಡೇಟ್ ಒಂದು ಪೂರ್ತಿ ಮುಗಿಯಲಿ. ಅರ್ಧಕ್ಕೆ ನಿಂತು ಹಿಂದಕ್ಕೆ ಹೋದ್ರೆ ತೆಗೆದದ್ದು ಜಾಸ್ತಿಯಾಗಿರೋ ಸಾಧ್ಯತೆಯೇ ಹೆಚ್ಚು. ಆ ಇಮೇಜ್‌ಗೆ ತೇಪೆ ಹಾಕ್ತಾ ಕೂರಬೇಡಿ, ಮೂಲ ಐಎಸ್‌ಒ ಇಟ್ಕೊಂಡು ಮೊದಲಿಂದ ಕಟ್ಟಿ.