ಅಧ್ಯಕ್ಷೆಯ ಗಂಡ ಸಾಹೇಬರು

ಛತ್ತೀಸಗಡದ ಪರಸವಾರದಲ್ಲಿ ಗ್ರಾಮ ಪಂಚಾಯ್ತಿಗೆ ಗೆದ್ದ ಆರು ಹೆಂಗಸರ ಬದಲು ಅವರ ಗಂಡಂದಿರೇ ಪ್ರಮಾಣವಚನ ತಗೊಂಡು 2025ರ ಮಾರ್ಚಿನಲ್ಲಿ ದೇಶಕ್ಕೆಲ್ಲ ನಗೆಪಾಟಲಾದರಲ್ಲ, ಅವರ ಮೇಲೆ ಸಿಟ್ಟು ಬರಲಿಲ್ಲ, ಅಯ್ಯೋ ಪಾಪ ಅನ್ನಿಸಿತು. ಎಳಸು ಕೆಲಸ. ಆವತ್ತೊಂದಿನ ತಡಕೊಂಡಿದ್ದರೆ ಮಿಕ್ಕ ಐದು ವರ್ಷ ಅವರದೇ ಇತ್ತು. ನಮ್ಮ ಚಿತ್ರದುರ್ಗ, ದಾವಣಗೆರೆ ಕಡೆ ಬಂದು ಕಲಿತು ಹೋಗಬಾರದಿತ್ತೇ?

ನಮ್ಮಲ್ಲಿ ಅಧಿಕಾರ ಸ್ವೀಕಾರದ ದಿನ ಹಾರ, ಪೇಟ, ಫೋಟೊ ಎಲ್ಲ ಅಧ್ಯಕ್ಷೆ ಅಕ್ಕಾರಿಗೇ. ಯಜಮಾನರು ಗರಿಗರಿ ಬಿಳಿ ಅಂಗಿ ಹಾಕ್ಕೊಂಡು ಹಿಂದೆ ನಿಂತಿರುತ್ತಾರೆ. ಕೆಲಸ ಶುರುವಾಗೋದು ಮಾರನೇ ದಿನ. ಮೊದಲು ಫೋನ್ ನಂಬರ್. ಪಂಚಾಯ್ತಿ ಗೋಡೆ ಮೇಲೆ ಹೆಸರು ಹೆಂಡತಿಯದು, ಮುಂದಿನ ಹತ್ತು ಅಂಕಿ ಗಂಡನವು. ನೀರು ಬಿಟ್ಟು ಎಂಟು ದಿನ ಆಯ್ತು ಅಂತ ಯಾವಳಾದರೂ ಫೋನ್ ಮಾಡಿದರೆ 'ಹೇಳಮ್ಮಾ, ಏನ್ ಸಮಾಚಾರ' ಅಂತ ಗಂಡಸಿನ ದನಿ. ಆಮೇಲೆ ಡಾಂಗಲ್, ಅಂದರೆ ಕಂಪ್ಯೂಟರಿಗೆ ಸಿಕ್ಕಿಸಿ ಡಿಜಿಟಲ್ ಸಹಿ ಹಾಕೋ ಕಡ್ಡಿ. ಬಿಲ್ ಪಾಸಾಗಬೇಕಾದರೆ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಜೊತೆ ಅಧ್ಯಕ್ಷರ ಡಿಜಿಟಲ್ ಸಹಿಯೂ ಬೀಳಬೇಕು. ಆ ಪುಟ್ಟ ಡಾಂಗಲ್ಲು ಅಧ್ಯಕ್ಷೆಯ ಪರ್ಸಿನಲ್ಲಿರೋದಿಲ್ಲ, ಯಜಮಾನರ ಬೈಕಿನ ಕೀ ಗೊಂಚಲಲ್ಲಿ ನೇತಾಡುತ್ತಿರುತ್ತದೆ. ಪಿನ್ ನಂಬರ್ ಕಂಪ್ಯೂಟರ್ ಆಪರೇಟರಿಗೂ ಬಾಯಿಪಾಠ.

ಸಭೆಯ ತೀರ್ಮಾನ ಬರೆದಿಡೋ ನಡಾವಳಿ ಪುಸ್ತಕದ ಚಂದ ನೋಡಬೇಕು. ಸಭೆ ಮುಗಿದ ಮೇಲೆ ಅದು ಬಿಲ್ ಕಲೆಕ್ಟರ್ ಕಂಕುಳಲ್ಲಿ ಅಧ್ಯಕ್ಷೆಯ ಮನೆಗೇ ಬರುತ್ತದೆ. ರೊಟ್ಟಿ ತಟ್ಟೋ ಕೈ ಸೆರಗಿಗೆ ಒರೆಸಿಕೊಂಡು, ತೋರಿಸಿದ ಕಡೆ ಸಹಿ. ಕೊನೇ ಠರಾವಿಗೂ ಸಹಿಗೂ ನಡುವೆ ನಾಲ್ಕು ಬೆರಳು ಖಾಲಿ ಜಾಗ ಬಿಟ್ಟಿರುತ್ತಾರೆ. ಮುಂದಿನ ವಾರ ಅಲ್ಲಿ ಒಂದು ಚರಂಡಿ ಹುಟ್ಟುತ್ತದೆ. ಪುಸ್ತಕದಲ್ಲಿ ಮಾತ್ರ, ಊರಲ್ಲಿ ಹುಡುಕಬೇಡಿ.

ಇಷ್ಟಾದರೂ ನವೆಂಬರ್ 11 ಬಂದರೆ ಓಬವ್ವನ ಜಯಂತಿ. ವೇದಿಕೆ ತುಂಬ ಮೀಸೆ. ಓಬವ್ವನ ಕಥೆ ಗಂಡಸರು ಎಷ್ಟು ಚೆನ್ನಾಗಿ ಹೇಳುತ್ತಾರೆ ಅಂದರೆ ಕೇಳುವವರಿಗೆ ಒನಕೆ ಹಿಡಿದವರು ಇವರೇ ಇರಬೇಕು ಅನ್ನಿಸಬೇಕು. ಕಥೆ ಎಲ್ಲರಿಗೂ ಗೊತ್ತು: ಕಾವಲುಗಾರ ಗಂಡ ಊಟಕ್ಕೆ ಕೂತಿದ್ದ, ಈಕೆ ನೀರಿಗೆ ಹೋದಳು, ಕಿಂಡಿಯಲ್ಲಿ ಹೈದರಾಲಿಯ ಸೈನಿಕರ ತಲೆ ಕಂಡಿತು. ಪುಣ್ಯಕ್ಕೆ ಆಗ ಮದಕರಿ ನಾಯಕರ ಕೋಟೆಗೆ ಪಂಚಾಯ್ತಿ ಪದ್ಧತಿ ಬಂದಿರಲಿಲ್ಲ. ಬಂದಿದ್ದರೆ 'ಯಜಮಾನ್ರು ಉಣ್ತಾ ಅದಾರೆ, ಕೈ ತೊಳ್ಕೊಂಡು ಬರ್ತಾರೆ, ಸ್ವಲ್ಪ ತಡೀರಿ' ಅಂತ ಸೈನಿಕರಿಗೆ ಚಾಪೆ ಹಾಸಬೇಕಾಗುತ್ತಿತ್ತು.

ದೆಹಲಿಗೆ ಬುದ್ಧಿ ಬರೋಕೆ ಮುಂಚೆ, 1983ರ ಕಾಯ್ದೆಯಲ್ಲೇ, ಪಂಚಾಯ್ತಿಯಲ್ಲಿ ಹೆಂಗಸರಿಗೆ ಶೇ. 25 ಮೀಸಲು ಇಟ್ಟ ರಾಜ್ಯ ನಮ್ಮದು. 2010ರಲ್ಲಿ ಅದನ್ನ ಶೇ. 50ಕ್ಕೆ ಏರಿಸಿದೆವು. ಅರ್ಧ ಕುರ್ಚಿ ಹೆಂಗಸರಿಗೆ. ಅಂದರೆ ಹೆಂಗಸರ ಗಂಡಂದಿರಿಗೆ. ಗಂಡಂದಿರು ತಲೆ ಹಾಕಬಾರದು ಅಂತ ಸುತ್ತೋಲೆಗಳೂ ಇವೆ. ಅವನ್ನ ಓದಿ ಫೈಲಿಗೆ ಸೇರಿಸುವಾಗಲೂ ಪಿಡಿಒ ಎದುರಿಗೆ ಕೂತಿರುವವರು ಯಜಮಾನರೇ.

'ಅವಳಿಗೇನು ಗೊತ್ತಾಗುತ್ತೆ?' ಅನ್ನೋದು ಇವರ ವಾದ. ಹೇಗೆ ಗೊತ್ತಾಗಬೇಕು? ಮೈಸೂರಿನ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆ ತರಬೇತಿಗೆ ಕರೆದರೆ, ರಾತ್ರಿ ಉಳಿಯಬೇಕು ಅಂತ ಅತ್ತೆ ಬಾಗಿಲಿಗೆ ಅಡ್ಡ. ತಾಲ್ಲೂಕು ಪಂಚಾಯ್ತಿಗೆ ಸೆಕ್ರೆಟರಿಯ ಬೈಕಿನ ಹಿಂದೆ ಕೂತು ಹೋದರೆ ಸಂಜೆಯೊಳಗೆ ಅರಳಿಕಟ್ಟೆಯಲ್ಲಿ ಕಥೆ ಕಟ್ಟಿ ಮುಗಿದಿರುತ್ತದೆ. ಸಭೆಯಲ್ಲಿ ಎರಡು ಪ್ರಶ್ನೆ ಕೇಳಿದರೆ 'ಬಾಯಿ ಜಾಸ್ತಿ'. ಕೇಳದಿದ್ದರೆ 'ನೋಡಿ, ಅವಳಿಗೇನು ಗೊತ್ತಾಗುತ್ತೆ'.

ಸಾಕಾಯ್ತು ಈ ತಮಾಷೆ. ಆ ಖಾಲಿ ಜಾಗದಲ್ಲಿ ಹುಟ್ಟಿದ ಚರಂಡಿ ಆಡಿಟ್‌ನಲ್ಲಿ ಸಿಕ್ಕಿಬಿದ್ದಾಗ ನೋಟಿಸು ಯಾರ ಹೆಸರಿಗೆ ಬರುತ್ತದೆ? ಸಹಿ ಹಾಕಿದವಳಿಗೆ. ವಿಚಾರಣೆಗೆ ಹೋಗಬೇಕಾದವಳು ಅವಳು, ದುಡ್ಡು ಕಟ್ಟಬೇಕಾದವಳು ಅವಳು, ಸ್ಥಾನ ಹೋಗೋದು ಅವಳದು. ಯಜಮಾನರ ಹೆಸರು ಯಾವ ಕಾಗದದಲ್ಲೂ ಇಲ್ಲ. 'ನಂಗೇನ್ ಗೊತ್ತು, ಅವಳೇ ಅಧ್ಯಕ್ಷೆ' ಅಂತ ಆವತ್ತು ಮಾತ್ರ ನಿಜ ಹೇಳುತ್ತಾರೆ.

ಪಿಡಿಒ ಸಾಹೇಬ್ರೇ, ಇದಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ. ಅಧ್ಯಕ್ಷೆಯ ನಂಬರನ್ನೇ ಗೋಡೆ ಮೇಲೆ ಬರೆಸಿ. ಡಾಂಗಲ್ ಪಿನ್ ಬದಲಿಸಿ ಅವಳ ಕೈಗೇ ಕೊಡಿ. ಕೊನೇ ಠರಾವಿನ ಕೆಳಗೆ ಗೆರೆ ಎಳೆದು, ಸಭೆಯಲ್ಲೇ ಸಹಿ ಹಾಕಿಸಿ. ಯಜಮಾನರು ಬಂದರೆ ಹೊರಗೆ ಬೆಂಚಿದೆ, ಕೂರಿಸಿ. ಬಿಸಿಲಿದ್ದರೆ ನೀರು ಕೊಡಿ.